ಮೋಡೆಮ್ಮು, ಫೈಬರ್ರು ಮತ್ತು ತುಮಕೂರು ಬಸ್ಸು

ಮೊದಲಿಗೆ ಒಂದು ಸಣ್ಣ ಲೆಕ್ಕ. ಪೆನ್ನು ಪೇಪರ್ ಹುಡುಕಬೇಡಿ, ಗುಣಾಕಾರ ಭಾಗಾಕಾರ ಎಲ್ಲ ನಾನೇ ಮಾಡಿಟ್ಟಿದ್ದೇನೆ :)

ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ತುಮಕೂರು ಬಸ್ಸು ಹತ್ತಿದಿರಿ ಅಂದುಕೊಳ್ಳಿ. ಬ್ಯಾಗಿನಲ್ಲಿ 700 ಎಂಬಿಯ ಒಂದೇ ಒಂದು ಸಿ.ಡಿ. ಇದೆ. ನೆಲಮಂಗಲ, ದಾಬಸ್‌ಪೇಟೆ ದಾಟಿ, ಟ್ರಾಫಿಕ್ಕು ಸೇರಿ ಎರಡು ಗಂಟೆಯಲ್ಲಿ ಕ್ಯಾತ್ಸಂದ್ರದಲ್ಲಿ ಇಳಿದಿರಿ. 700 ಎಂಬಿ ಎಂದರೆ 560 ಕೋಟಿ ಬಿಟ್ಟುಗಳು. ಎರಡು ಗಂಟೆ ಎಂದರೆ 7200 ಸೆಕೆಂಡು. ಭಾಗಿಸಿದರೆ ನಿಮ್ಮ ಬಸ್ಸಿನ ವೇಗ ಸೆಕೆಂಡಿಗೆ ಸುಮಾರು 778 ಕಿಲೋಬಿಟ್ಟು. ಕಂಡಕ್ಟರಿಗೂ ಗೊತ್ತಿಲ್ಲದ ಹಾಗೆ ಆ ಬಸ್ಸು 778 ಕೆಬಿಪಿಎಸ್ ಸಂಪರ್ಕವಾಗಿ ಓಡಿತ್ತು!

ಇದನ್ನು ಯಾಕೆ ಹೇಳಿದೆ ಅಂದರೆ, ಡಯಲಪ್ ಕಾಲದ ಅತಿ ವೇಗದ ಮೋಡೆಮ್ಮಿನ ಮೇಲೆ ಬರೆದಿರುತ್ತಿದ್ದ ಸಂಖ್ಯೆ 56 ಕೆಬಿಪಿಎಸ್. ನಿಜವಾಗಿ ಸಿಗುತ್ತಿದ್ದದ್ದು ಲೈನು ಚೆನ್ನಾಗಿದ್ದರೆ 44ರ ಆಸುಪಾಸು. ಅಂದರೆ ನಮ್ಮ ಕೆಂಪು ಬಸ್ಸು ಮೋಡೆಮ್ಮಿಗಿಂತ 17 ಪಟ್ಟು ವೇಗವಾಗಿತ್ತು. ಆ ಕಾಲದಲ್ಲಿ ಹುಡುಗರು ಲಿನಕ್ಸನ್ನು ಡೌನ್‌ಲೋಡ್ ಮಾಡುವ ಬದಲು ಎಸ್.ಪಿ. ರೋಡಿಗೆ ಹೋಗಿ ಸಿ.ಡಿ. ತರುತ್ತಿದ್ದದ್ದು, ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುವ ಸಿ.ಡಿ.ಗಾಗಿ ಕಾಯುತ್ತಿದ್ದದ್ದು ಸೋಮಾರಿತನವಲ್ಲ, ಶುದ್ಧ ಗಣಿತ.

ಇವತ್ತು ಕ್ಯಾತ್ಸಂದ್ರದ ಮನೆಯೊಂದರಲ್ಲಿ 100 ಎಂಬಿಪಿಎಸ್ ಫೈಬರ್ ಇರುವುದು ದೊಡ್ಡ ಸುದ್ದಿಯೇನಲ್ಲ. 9.6 ಕಿಲೋಬಿಟ್ಟಿನಿಂದ 100 ಮೆಗಾಬಿಟ್ಟಿಗೆ, ಅಂದರೆ ಹತ್ತು ಸಾವಿರ ಪಟ್ಟಿಗೂ ಮೀರಿ, ನಾವು ಮೂವತ್ತು ವರ್ಷದಲ್ಲಿ ಬಂದಿದ್ದೇವೆ. ಇದು ಹೇಗಾಯಿತು, ಯಾರಿಗೆ ಆಯಿತು, ಯಾರಿಗೆ ಇನ್ನೂ ಆಗಿಲ್ಲ ಅನ್ನುವುದೇ ಈ ಬರಹದ ವಿಷಯ. ನಾನು ಹುಟ್ಟುವ ಹೊತ್ತಿಗೆ ದೇಶದಲ್ಲಿ ಡಯಲಪ್ ಇನ್ನೂ ಅಂಬೆಗಾಲಿಡುತ್ತಿತ್ತು, ಹಾಗಾಗಿ ಮೊದಲ ಅಧ್ಯಾಯವೆಲ್ಲ ಹಿರಿಯರಿಂದ ಕೇಳಿದ್ದು, ಓದಿದ್ದು.

ಭಾರತದಲ್ಲಿ ಅಂತರ್ಜಾಲ ಮೊದಲು ಬಂದದ್ದು ಮನೆಗಳಿಗಲ್ಲ, ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯ ಮೊದಲ ಪಾಲುದಾರರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲಿಗೆ ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸು. ಬೆಂಗಳೂರಿಗೆ ಬಂದದ್ದು ಆಮೇಲೆ.

ಆಗಿನ ದರ ಕೇಳಿದರೆ ತಲೆ ತಿರುಗುತ್ತದೆ. 9.6 ಕೆಬಿಪಿಎಸ್ ಡಯಲಪ್, 250 ಗಂಟೆಗೆ 5000 ರೂಪಾಯಿ. ಫೋನಿನ ಬಿಲ್ಲು ಬೇರೆ. ಒಂದು ಸೆಕೆಂಡೂ ವ್ಯರ್ಥ ಮಾಡದೆ ಆ 250 ಗಂಟೆಯೂ ಪೂರ್ತಿ ವೇಗದಲ್ಲಿ ಇಳಿಸಿಕೊಂಡರೂ ನಿಮಗೆ ಸಿಗುವುದು 1.08 ಜಿಬಿ. ಅಂದರೆ ಒಂದು ಜಿಬಿಗೆ ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ, ಅದೂ 1995ರ ರೂಪಾಯಿ! ಇವತ್ತು ಮೊಬೈಲಿನ ಸಾಧಾರಣ ಪ್ಯಾಕಿನಲ್ಲಿ ದಿನಕ್ಕೇ ಒಂದೂವರೆ ಜಿಬಿ ಕೊಡುತ್ತಾರೆ, ಮಧ್ಯಾಹ್ನದೊಳಗೆ ರೀಲ್ಸ್ ನೋಡಿ ಮುಗಿಸುವವರೂ ಇದ್ದಾರೆ.

ಇನ್ನು ಬೆಂಗಳೂರಿನ ಹೊರಗಿದ್ದವರ ಪಾಡು. ಮೋಡೆಮ್ ಅಂದರೆ ಫೋನ್ ಮಾಡುವ ಯಂತ್ರ. ಅದು ಕರೆ ಮಾಡಬೇಕಾದ ಸಂಖ್ಯೆ ಬೇರೆ ಊರಿನಲ್ಲಿದ್ದರೆ ಎಸ್.ಟಿ.ಡಿ. ಚಾರ್ಜು. ಬೆಂಗಳೂರಿನ ಕೋಡು 080, ತುಮಕೂರಿನದು 0816, ಗುಬ್ಬಿಯದು 08131, ಕುಣಿಗಲ್ಲಿನದು 08132. ಈ ಸಂಖ್ಯೆಗಳನ್ನು ನೋಡಿದರೇ ಗೊತ್ತಾಗುತ್ತದೆ, ಊರು ಚಿಕ್ಕದಾದಷ್ಟೂ ಕೋಡು ಉದ್ದ :) ಬೆಂಗಳೂರಿನವನಿಗೆ ಲೋಕಲ್ ಕಾಲಾದದ್ದು ಕ್ಯಾತ್ಸಂದ್ರದವನಿಗೆ ಎಸ್.ಟಿ.ಡಿ. ಅದೇ ಇಂಟರ್ನೆಟ್ಟು, ಅದೇ ಪುಟ, ಆದರೆ 65 ಕಿಲೋಮೀಟರಿಗೆ ಬೇರೆ ಬಿಲ್ಲು. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಸರ್ಕಾರ ಅನುಮತಿ ಕೊಟ್ಟ ಮೇಲೆ, ಮತ್ತು ಆಮೇಲೆ 172ರಿಂದ ಶುರುವಾಗುವ ಸಂಖ್ಯೆಗಳಿಗೆ ಲೋಕಲ್ ದರದಲ್ಲೇ ಡಯಲ್ ಮಾಡುವ ವ್ಯವಸ್ಥೆ ಬಂದ ಮೇಲೆ ಜಿಲ್ಲಾ ಕೇಂದ್ರಗಳವರು ಸ್ವಲ್ಪ ಉಸಿರಾಡಿದರು.

ನಮ್ಮ ಮಾವನವರು ಹೇಳುವ ಪ್ರಕಾರ ಆಗ ಮನೆಯಲ್ಲಿ ಇಂಟರ್ನೆಟ್ ಇದೆ ಅನ್ನುವುದು ಬೀದಿಗೆಲ್ಲ ಗೊತ್ತಾಗುತ್ತಿದ್ದದ್ದು ಒಂದೇ ಕಾರಣಕ್ಕೆ: "ಯಾವಾಗ ಫೋನ್ ಮಾಡುದ್ರೂ ಎಂಗೇಜ್ ಬರೋದು ಕಣಪ್ಪಾ." ಊರಿನಲ್ಲಿ ಯಾರಾದರೂ ತೀರಿಕೊಂಡರೂ ಸುದ್ದಿ ಮುಟ್ಟುತ್ತಿರಲಿಲ್ಲವಂತೆ, ಮಗ ಚಾಟ್ ಮುಗಿಸುವವರೆಗೆ.

ಮೋಡೆಮ್ಮಿನ ಆ "ಕಿರ್ರ್... ಟೊಂಯ್... ಶ್ಶ್ಶ್" ಸದ್ದನ್ನು ನಾನು ಯೂಟ್ಯೂಬಿನಲ್ಲಿ ಕೇಳಿದ್ದೇನೆ. ಅದು ಬರೀ ಗಲಾಟೆಯಲ್ಲ, ಎರಡು ಯಂತ್ರಗಳ ಮಾತುಕತೆ. ಕರೆ ಎತ್ತಿದ ಕಡೆಯಿಂದ ಮೊದಲು 2100 ಹರ್ಟ್ಸಿನ ಒಂದು ಸ್ವರ ಬರುತ್ತದೆ. ಫೋನ್ ಜಾಲದಲ್ಲಿ ಪ್ರತಿಧ್ವನಿ ತಡೆಯಲು ಇಟ್ಟಿದ್ದ ಸಾಧನಗಳಿಗೆ "ಸ್ವಲ್ಪ ಸುಮ್ಮನಿರಿ, ಇದು ಮನುಷ್ಯರ ಮಾತಲ್ಲ" ಅಂತ ಅದು ಹೇಳುತ್ತದೆ. ಆಮೇಲೆ ಎರಡೂ ಕಡೆಯವರು ಲೈನನ್ನು ಪರೀಕ್ಷಿಸಿ, ಎಷ್ಟು ಗದ್ದಲವಿದೆ ಎಂದು ಅಳೆದು, ಎಷ್ಟು ವೇಗದಲ್ಲಿ ಮಾತಾಡಬಹುದು ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಒಳ್ಳೆ ಮದುವೆ ಮಾತುಕತೆ ಇದ್ದ ಹಾಗೆ.

ಈಗ ಒಂದು ಪ್ರಶ್ನೆ. ಮೋಡೆಮ್ಮಿನ ವೇಗ 56ಕ್ಕೇ ಯಾಕೆ ನಿಂತಿತು? ಯಾಕೆ 100, 200 ಆಗಲಿಲ್ಲ?

ಮನೆಯ ಫೋನು ಮನುಷ್ಯರ ಮಾತಿಗಾಗಿ ಮಾಡಿದ್ದು. ಮಾತು ಅರ್ಥವಾಗಲು ಸುಮಾರು 300ರಿಂದ 3400 ಹರ್ಟ್ಸ್ ಸಾಕು ಅಂತ ಲೆಕ್ಕ ಹಾಕಿ, ಉಳಿದದ್ದನ್ನೆಲ್ಲ ಎಕ್ಸ್‌ಚೇಂಜಿನಲ್ಲಿ ಕತ್ತರಿಸಿ ಬಿಸಾಕುತ್ತಿದ್ದರು. ಅಂದರೆ ಸಿಗುವ ಜಾಗ 3100 ಹರ್ಟ್ಸ್. 1948ರಲ್ಲಿ ಕ್ಲಾಡ್ ಶಾನನ್ ಕೊಟ್ಟ ಸೂತ್ರದ ಪ್ರಕಾರ ಇಂಥ ಲೈನಿನಲ್ಲಿ, ಗದ್ದಲ ಕಡಿಮೆ ಇದ್ದರೂ, ಸೆಕೆಂಡಿಗೆ ಸುಮಾರು 36 ಸಾವಿರ ಬಿಟ್ಟಿಗಿಂತ ಹೆಚ್ಚು ಕಳಿಸಲಾಗದು. ಎಂಜಿನಿಯರುಗಳು ಆ ಗೋಡೆಯ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟರು: 1991ರಲ್ಲಿ 14.4, 1994ರಲ್ಲಿ 28.8, ಆಮೇಲೆ 33.6. ಅಲ್ಲಿಗೆ ಗೋಡೆ ಮೂಗಿಗೆ ತಾಗಿತು.

ಹಾಗಾದರೆ 1998ರ ವಿ.90 ಮೋಡೆಮ್ಮು 56ಕ್ಕೆ ಹೇಗೆ ಹಾರಿತು? ಅದು ಶಾನನ್ನನನ್ನು ಸೋಲಿಸಲಿಲ್ಲ, ಪಕ್ಕದ ಸಂದಿಯಲ್ಲಿ ನುಸುಳಿತು. ಅಷ್ಟು ಹೊತ್ತಿಗೆ ಎಕ್ಸ್‌ಚೇಂಜುಗಳು ಡಿಜಿಟಲ್ ಆಗಿದ್ದವು. ಇಂಟರ್ನೆಟ್ ಕಂಪನಿಯ ಕಡೆಯಿಂದ ನಿಮ್ಮ ಎಕ್ಸ್‌ಚೇಂಜಿನವರೆಗೆ ಎಲ್ಲವೂ ಸೊನ್ನೆ ಒಂದುಗಳಲ್ಲೇ ಬರುತ್ತಿತ್ತು. ಸದ್ದಾಗಿ ಬದಲಾಗುತ್ತಿದ್ದದ್ದು ಕೊನೆಯ ತಂತಿಯಲ್ಲಿ ಮಾತ್ರ. ಹಾಗಾಗಿ ಇಳಿಸುವಾಗ 56, ಏರಿಸುವಾಗ ಮತ್ತೆ ಹಳೆಯ 33.6.

ಇಲ್ಲಿ ಕರ್ನಾಟಕದ ಒಂದು ಹೆಮ್ಮೆಯ ಅಧ್ಯಾಯ ಬರುತ್ತದೆ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಶುರುವಾದಾಗಿನಿಂದ ದೇಶಕ್ಕೆ ಟೆಲಿಫೋನು, ಎಕ್ಸ್‌ಚೇಂಜು ಮಾಡಿಕೊಡುತ್ತಿತ್ತು, ಆದರೆ ಅವು ಬಹುಕಾಲ ಕಟಕಟ ಅನ್ನುವ ಯಾಂತ್ರಿಕ ಸ್ವಿಚ್ಚುಗಳೇ. 1984ರಲ್ಲಿ ಸಿ-ಡಾಟ್ ಸ್ಥಾಪನೆಯಾಗಿ, ಹಳ್ಳಿಗಳಿಗೆಂದೇ 128 ಪೋರ್ಟುಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ತಯಾರಿಸಿತು. ಎ.ಸಿ. ರೂಮು ಬೇಡ, ನಮ್ಮ ಬಿಸಿಲು ಧೂಳು ತಡೆದುಕೊಳ್ಳುತ್ತದೆ. ಅದರ ಮೊದಲನೆಯದನ್ನು 1986ರಲ್ಲಿ ಕೂರಿಸಿದ್ದು ಎಲ್ಲಿ ಗೊತ್ತೇ? ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು! ಆಗ ಯಾರೂ ಇಂಟರ್ನೆಟ್ಟಿನ ಕನಸು ಕಂಡು ಅದನ್ನು ಮಾಡಲಿಲ್ಲ. ಊರಿಗೊಂದು ಫೋನ್ ಬರಲಿ ಅಂತ ಮಾಡಿದರು. ಆದರೆ ಹಾಗೆ ಹಳ್ಳಿ ಪಟ್ಟಣಗಳಿಗೆ ಡಿಜಿಟಲ್ ಎಕ್ಸ್‌ಚೇಂಜು ಹರಡದೇ ಇದ್ದಿದ್ದರೆ, 56ರ ಮೋಡೆಮ್ ಕೊಂಡು ತಂದರೂ ಅದು 33ರಲ್ಲೇ ತೆವಳುತ್ತಿತ್ತು.

ಇನ್ನು ಬ್ರಾಡ್‌ಬ್ಯಾಂಡ್. 2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಹೊರಡಿಸಿತು. ಸದಾ ಜಾರಿಯಲ್ಲಿರುವ, ಕನಿಷ್ಠ 256 ಕೆಬಿಪಿಎಸ್ ವೇಗದ ಸಂಪರ್ಕವೇ ಬ್ರಾಡ್‌ಬ್ಯಾಂಡ್ ಎಂದಿತು. 2005ರ ಜನವರಿಯಲ್ಲಿ ಬಿಎಸ್ಎನ್ಎಲ್‌ನ ಡೇಟಾಒನ್ ಬಂತು. ಮನೆಗೆ ಹೊಸ ತಂತಿ ಎಳೆಯಲಿಲ್ಲ. ಅದೇ ಹಳೆಯ ಫೋನಿನ ತಾಮ್ರದ ತಂತಿ!

ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ಭಾಗ ಇದೇ. ವರ್ಷಗಟ್ಟಲೆ 56ಕ್ಕೆ ಏದುಸಿರು ಬಿಡುತ್ತಿದ್ದ ತಂತಿಯಲ್ಲೇ ಏಕಾಏಕಿ 256, ಆಮೇಲೆ 2000 ಕಿಲೋಬಿಟ್ಟು ಓಡಿತು. ಹೇಗೆ? ಯಾಕೆಂದರೆ ತಂತಿ ಯಾವತ್ತೂ ಕಿರಿದಾಗಿರಲಿಲ್ಲ. ಎಕ್ಸ್‌ಚೇಂಜಿನ ಬಾಗಿಲು ಕಿರಿದಾಗಿತ್ತು. 3400 ಹರ್ಟ್ಸಿನ ಮೇಲಿನದನ್ನು ಕತ್ತರಿಸುತ್ತಿದ್ದದ್ದು ಅಲ್ಲಿ. ಎ.ಡಿ.ಎಸ್.ಎಲ್. ತಂತ್ರಜ್ಞಾನ ಮಾಡಿದ್ದು ಇಷ್ಟೇ: ತಂತಿ ಎಕ್ಸ್‌ಚೇಂಜಿಗೆ ಮುಟ್ಟಿದ ಕೂಡಲೇ ಮಾತನ್ನು ಒಂದು ಕಡೆಗೆ, ಡೇಟಾವನ್ನು ಇನ್ನೊಂದು ಕಡೆಗೆ ಬೇರ್ಪಡಿಸಿ, ಮಾತಿಗಿಂತ ಮೇಲಿನ ಹತ್ತು ಲಕ್ಷ ಹರ್ಟ್ಸಿನಷ್ಟು ಜಾಗವನ್ನು ಬಳಸಿಕೊಂಡದ್ದು. ಮನೆಯಲ್ಲಿ ಫೋನಿಗೆ ಒಂದು ಸಣ್ಣ ಬಿಳಿ ಡಬ್ಬಿ (ಸ್ಪ್ಲಿಟರ್) ಹಾಕುತ್ತಿದ್ದರಲ್ಲ, ಅದರ ಕೆಲಸವೂ ಇದೇ. ಫೋನೂ ಎಂಗೇಜ್ ಆಗಲಿಲ್ಲ, ನೆಟ್ಟೂ ನಿಲ್ಲಲಿಲ್ಲ. ತೊಂದರೆ ಒಂದೇ. ಮೇಲಿನ ತರಂಗಗಳು ತಾಮ್ರದಲ್ಲಿ ಬಹಳ ದೂರ ಹೋಗುವುದಿಲ್ಲ. ಎಕ್ಸ್‌ಚೇಂಜಿನ ಹಿಂದಿನ ಬೀದಿಯವನಿಗೆ ಹಬ್ಬ, ಐದು ಕಿಲೋಮೀಟರ್ ಆಚೆಯ ತೋಟದ ಮನೆಯವನಿಗೆ ಏಕಾದಶಿ.

"ಸದಾ ಜಾರಿಯಲ್ಲಿ" ಅನ್ನುವುದರಲ್ಲೂ ಒಂದು ತಮಾಷೆಯಿತ್ತು. ಮೊದಲಿಗೆ ತಿಂಗಳಿಗೆ 500 ರೂಪಾಯಿಯ ಪ್ಲಾನಿನಲ್ಲಿ ಸಿಗುತ್ತಿದ್ದದ್ದು 400 ಎಂಬಿ. ಪೂರ್ತಿ 256ರ ವೇಗದಲ್ಲಿ ಇಳಿಸಿದರೆ ಮೂರೂವರೆ ಗಂಟೆಯಲ್ಲಿ ತಿಂಗಳ ಕೋಟಾ ಖಾಲಿ! ಹಾಗಾಗಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕಕ್ಕಿಲ್ಲದ ಡೌನ್‌ಲೋಡ್ ಸೌಲಭ್ಯ ಬಂದಾಗ ಹುಡುಗರು ಅಲಾರಂ ಇಟ್ಟು ಎದ್ದರು. ಆ ಆರು ಗಂಟೆಗೆ 256ರಲ್ಲಿ ಸುಮಾರು 690 ಎಂಬಿ ಬರುತ್ತದೆ, ಅಂದರೆ ಸರಿಯಾಗಿ ಒಂದು ಸಿ.ಡಿ.ಯಷ್ಟು. 2007ರಲ್ಲಿ ವೇಗ 2 ಎಂಬಿಪಿಎಸ್‌ವರೆಗೆ ಏರಿದಾಗ ಅದೇ ಆರು ಗಂಟೆಗೆ 5 ಜಿಬಿಗೂ ಮೇಲೆ. ಬಸ್ಸನ್ನು, ಒಂದು ಸಿ.ಡಿ.ಯ ಬಸ್ಸನ್ನು, ತಂತಿ ಸೋಲಿಸಿದ್ದು ಆಗಲೇ.

ಈಗ ಎಲ್ಲವನ್ನೂ ಒಂದು ಕಡೆ ಇಟ್ಟು ನೋಡೋಣ. 5 ಎಂಬಿಯ ಒಂದು ಹಾಡು ಇಳಿಸಲು:

1995ರ 9.6 ಕೆಬಿಪಿಎಸ್: 69 ನಿಮಿಷ
56ರ ಮೋಡೆಮ್ (ನಿಜವಾದ ವೇಗ 44): 15 ನಿಮಿಷ
2005ರ 256 ಕೆಬಿಪಿಎಸ್: ಎರಡೂವರೆ ನಿಮಿಷಕ್ಕೆ ತುಸು ಹೆಚ್ಚು
2007ರ 2 ಎಂಬಿಪಿಎಸ್: 20 ಸೆಕೆಂಡು
ಇವತ್ತಿನ 100 ಎಂಬಿಪಿಎಸ್ ಫೈಬರ್: ಅರ್ಧ ಸೆಕೆಂಡೂ ಇಲ್ಲ

ಆದರೆ ಬಸ್ಸನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಬೇಡಿ. ಇವತ್ತು ಅದೇ ಬಸ್ಸಿನಲ್ಲಿ ಬೆರಳುಗುರಿನಷ್ಟು ದೊಡ್ಡ 128 ಜಿಬಿ ಮೆಮೊರಿ ಕಾರ್ಡು ಇಟ್ಟುಕೊಂಡು ಹೊರಟರೆ ವೇಗ 142 ಎಂಬಿಪಿಎಸ್. ಬಸ್ಸು ಈಗಲೂ ಗೆಲ್ಲುತ್ತದೆ :)

ತಮಾಷೆ ಬಿಡಿ. ಸಂಖ್ಯೆ ಎರಡು ಸಾವಿರ ಪಟ್ಟು ಹೆಚ್ಚಿದೆ ಎಂದ ಮಾತ್ರಕ್ಕೆ ನಮ್ಮ ಕಾಯುವಿಕೆ ಎರಡು ಸಾವಿರ ಪಟ್ಟು ಕಡಿಮೆಯಾಗಿಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು ದೂರ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕ್ಯಾತ್ಸಂದ್ರದಿಂದ ಬೆಂಗಳೂರಿಗೆ ಹೋಗಿ ಬರಲು ಬೆಳಕಿಗೆ ಒಂದು ಮಿಲಿಸೆಕೆಂಡೂ ಬೇಡ. ಆದರೆ ಸರ್ವರ್ ಕ್ಯಾಲಿಫೋರ್ನಿಯಾದಲ್ಲಿದ್ದರೆ 14 ಸಾವಿರ ಕಿಲೋಮೀಟರ್, ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡು. ಎಷ್ಟು ದುಡ್ಡು ಕೊಟ್ಟರೂ ಇದು ಕಡಿಮೆಯಾಗುವುದಿಲ್ಲ. ಪೈಪು ಅಗಲವಾಗಿದೆ, ದಾರಿ ಗಿಡ್ಡವಾಗಿಲ್ಲ.

ಎರಡನೆಯದು ನಮ್ಮದೇ ವೃತ್ತಿಯವರ ಕೈವಾಡ. ಪುಟಗಳು ಊದಿಕೊಂಡಿವೆ. ಅಕ್ಷರ ಯಾವತ್ತೂ ಭಾರವಾಗಿರಲಿಲ್ಲ. ಯೂನಿಕೋಡಿನಲ್ಲಿ "ಕ್ಯಾತ್ಸಂದ್ರ" ಅಂತ ಬರೆದರೆ 11 ಸಂಕೇತಗಳು, ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟಿನಂತೆ ಒಟ್ಟು 33 ಬೈಟು. ಒತ್ತಕ್ಷರ ಎಷ್ಟೇ ಹಾಕಿ, ಎರಡು ಸಾವಿರ ಪದಗಳ ಒಂದು ಕನ್ನಡ ಬರಹ 50 ಕೆಬಿಯ ಆಸುಪಾಸು. 44ರ ಮೋಡೆಮ್ಮಿನಲ್ಲೂ ಅದು ಒಂಬತ್ತು ಸೆಕೆಂಡಿನಲ್ಲಿ ಬರುತ್ತದೆ, ಓದಲು ಹತ್ತು ನಿಮಿಷ ಬೇಕು! ಕನ್ನಡ ಓದಲು ವೇಗದ ನೆಟ್ ಯಾವತ್ತೂ ಬೇಕಿರಲಿಲ್ಲ. 1996ರಲ್ಲಿ ಯು.ಬಿ. ಪವನಜ ಅವರು ವಿಶ್ವಕನ್ನಡ ಅಂತರ್ಜಾಲ ಪತ್ರಿಕೆ ಶುರು ಮಾಡಿದಾಗ ಕಷ್ಟವಿದ್ದದ್ದು ಕನ್ನಡದ ಫಾಂಟು ಎದುರಿನವರ ಗಣಕಯಂತ್ರದಲ್ಲಿ ಇಲ್ಲದಿರುವುದರಲ್ಲಿ. ಆ ಕಷ್ಟವನ್ನು ಯೂನಿಕೋಡು ನೀಗಿಸಿತು. ಆದರೆ ಇವತ್ತಿನ ಸಾಮಾನ್ಯ ಜಾಲಪುಟವೊಂದು ಎರಡೂವರೆ ಎಂಬಿಯಷ್ಟು ತೂಗುತ್ತದೆ. ಹಳೆಯ ಮೋಡೆಮ್ಮಿನಲ್ಲಿ ಅದನ್ನು ತೆರೆಯಲು ಏಳೂವರೆ ನಿಮಿಷ ಬೇಕು. ಅದರಲ್ಲಿ ಓದುವ ಅಕ್ಷರ ಎಷ್ಟು? ಒಗ್ಗರಣೆಯೇ ಜಾಸ್ತಿ, ಪಲ್ಯ ಹುಡುಕಬೇಕು.

ಇಲ್ಲಿಗೆ ಬಂದಾಗ ನನಗೆ ನಿಜವಾಗಿ ಚಿಂತೆ ಹಚ್ಚಿದ ವಿಷಯ ಶುರುವಾಗುತ್ತದೆ.

ಕ್ಯಾತ್ಸಂದ್ರ ಅದೃಷ್ಟದ ಊರು. ಬೆಂಗಳೂರು ಪುಣೆ ಹೆದ್ದಾರಿ ಪಕ್ಕದಲ್ಲೇ, ರೈಲು ನಿಲ್ದಾಣವಿದೆ, ಸಿದ್ಧಗಂಗಾ ಮಠದ ಬಾಗಿಲು, ತುಮಕೂರು ಪಾಲಿಕೆಯ ವ್ಯಾಪ್ತಿ. ಫೈಬರ್ ಕೇಬಲ್ಲುಗಳನ್ನು ಸಾಮಾನ್ಯವಾಗಿ ಹೂಳುವುದೇ ಹೆದ್ದಾರಿ ಮತ್ತು ರೈಲು ಹಳಿಗಳ ಪಕ್ಕ. ಹಾಗಾಗಿ ಬಸ್ಸು ರೈಲು ನಿಲ್ಲುವ ಊರಿನಲ್ಲೇ ಬಿಟ್ಟುಗಳೂ ಇಳಿಯುತ್ತವೆ. ಆದರೆ ಗುಬ್ಬಿಯ, ಕುಣಿಗಲ್ಲಿನ ಒಳಗಿನ ಹಳ್ಳಿಗಳಿಗೆ? 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಆಮೇಲೆ ಭಾರತ್‌ನೆಟ್ ಎಂದು ಹೆಸರು ಬದಲಾಯಿಸಿಕೊಂಡ ಯೋಜನೆಯ ಗುರಿ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ಒಯ್ಯುವುದು. ಆದರೆ ಪಂಚಾಯಿತಿ ಕಟ್ಟಡಕ್ಕೆ ಫೈಬರ್ ಬಂದರೆ ಅದು ಮನೆಗೆ ಬಂದ ಹಾಗಲ್ಲ. ದೇಶದ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಇವತ್ತಿಗೂ ಮೊಬೈಲನ್ನೇ ನಂಬಿದ್ದಾರೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು ನಿಜ, ಹಳ್ಳಿಯವರು ಮೋಡೆಮ್ಮನ್ನೂ ತಾಮ್ರವನ್ನೂ ಹಾರಿ ನೇರ 4ಜಿಗೆ ಬಂದರು. ಆದರೆ ಟವರ್ ಗುಡ್ಡದ ಆಚೆ ಇದ್ದರೆ 4ಜಿ ಅನ್ನುವುದು ಫೋನಿನ ಮೂಲೆಯಲ್ಲಿ ಬರೆದಿರುವ ಎರಡು ಅಕ್ಷರ ಅಷ್ಟೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಸುದ್ದಿ ಓದಿದ್ದೀರಿ. ಆನ್‌ಲೈನ್ ಪಾಠ ಎಲ್ಲರಿಗೂ ಮುಟ್ಟುವುದಿಲ್ಲ ಎಂದು ನಮ್ಮ ರಾಜ್ಯ ಸರ್ಕಾರ ಆ ಆಗಸ್ಟಿನಲ್ಲಿ ವಿದ್ಯಾಗಮ ಶುರು ಮಾಡಿ ಮೇಷ್ಟ್ರುಗಳನ್ನೇ ಊರೂರಿಗೆ ಕಳಿಸಬೇಕಾಯಿತು. ಅಂದರೆ ಮತ್ತೆ ಅದೇ ಕಥೆ. ತಂತಿ ಸೋತಲ್ಲಿ ಮನುಷ್ಯರೇ ನಡೆದು ಹೋಗಿ ಮುಟ್ಟಿಸಿದರು.

ಇನ್ನೊಂದು ಲೆಕ್ಕ ನೋಡಿ. 256 ಕೆಬಿಪಿಎಸ್ ಇದ್ದ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆ 2013ರಲ್ಲಿ 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್ ಆಯಿತು. ಮೋಡೆಮ್ಮಿನ ಕಾಲದಲ್ಲಿ ಒಳ್ಳೆಯ ಲೈನಿನವನಿಗೂ ಕೆಟ್ಟ ಲೈನಿನವನಿಗೂ ಇದ್ದ ವ್ಯತ್ಯಾಸ 44 ಮತ್ತು 28, ಎರಡು ಪಟ್ಟೂ ಅಲ್ಲ. ಈಗ 2 ಮತ್ತು 100, ಅಂದರೆ ಒಂದೇ ಜಿಲ್ಲೆಯಲ್ಲಿ ಐವತ್ತು ಪಟ್ಟು ಅಂತರವಿದ್ದರೂ ಇಬ್ಬರ ಹೆಸರೂ "ಬ್ರಾಡ್‌ಬ್ಯಾಂಡ್ ಗ್ರಾಹಕ". ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆಗ ಫೋನು, ಕಂಪ್ಯೂಟರು ಎರಡೂ ಇದ್ದವರು ಬೆರಳೆಣಿಕೆ, ಉಳಿದವರಿಗೆ ಸೊನ್ನೆ. ಆದರೆ ಆಗ ನೆಟ್ ಇಲ್ಲದವನಿಗೆ ಪಹಣಿಯೂ ಸಿಗುತ್ತಿತ್ತು, ರೇಷನ್ನೂ ಸಿಗುತ್ತಿತ್ತು, ವಿದ್ಯಾರ್ಥಿವೇತನದ ಅರ್ಜಿಯನ್ನು ಕಾಗದದಲ್ಲೇ ತುಂಬಬಹುದಿತ್ತು. ಈಗ ಎಲ್ಲದಕ್ಕೂ ಆ ತಂತಿಯ ಮೂಲಕವೇ ಹೋಗಬೇಕು. ವೇಗದ ಅಂತರ ಆಗ ಮೋಜಿನ ಅಂತರ, ಈಗ ಹಕ್ಕಿನ ಅಂತರ.

ಕೌಂಟರಿನ ಮುಂದೆ ಸರತಿಯಲ್ಲಿ ನಿಂತ ಅಜ್ಜನಿಗೆ 100 ಎಂಬಿಪಿಎಸ್ ಬೇಕಿಲ್ಲ. ಅವರಿಗೆ ಬೇಕಾದ ಪಹಣಿ ಮೋಡೆಮ್ಮಿನಲ್ಲೂ ನಿಮಿಷದೊಳಗೆ ಬರುವಷ್ಟು ಹಗುರ. ಅವರಿಗೆ ಬೇಕಾದದ್ದು "ಸರ್ವರ್ ಇಲ್ಲ, ನಾಳೆ ಬಾ" ಅನ್ನಿಸಿಕೊಳ್ಳದ ಸಂಪರ್ಕ. ವೇಗವನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಎಷ್ಟು ದಿನ ಕೆಡದೆ ನಡೆಯಿತು ಅನ್ನುವುದನ್ನು ಯಾರೂ ಬರೆಯುವುದಿಲ್ಲ.

ಸಾಫ್ಟ್‌ವೇರಿನಲ್ಲಿರುವ ಗೆಳೆಯರಿಗೆ ಒಂದು ಮಾತು. ಕನ್ನಡದ ಮಂದಿ ಬಳಸುವ ಪುಟವನ್ನೋ ಆ್ಯಪನ್ನೋ ನೀವು ಮಾಡುತ್ತಿದ್ದರೆ ಆಫೀಸಿನ ವೈಫೈನಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ವೇಗವನ್ನು 2 ಎಂಬಿಪಿಎಸ್‌ಗೆ ಕಟ್ಟಿ ಹಾಕಿ ಒಮ್ಮೆ ತೆರೆಯಿರಿ. ಸರ್ಕಾರವೇ ಒಪ್ಪಿಕೊಂಡ ಕನಿಷ್ಠ ಅದು. ಅದರಲ್ಲಿ ಅರ್ಜಿ ತೆರೆದುಕೊಂಡರೆ ಕುಣಿಗಲ್ಲಿನ ತೋಟದ ಮನೆಯ ಹುಡುಗಿಯೂ ತುಂಬಬಲ್ಲಳು. ಮೂವತ್ತು ವರ್ಷದ ಹಿಂದೆ 9.6 ಕಿಲೋಬಿಟ್ಟಿನಲ್ಲಿ ಕೆಲಸ ಮಾಡಿದವರು ಒಂದೊಂದು ಬೈಟನ್ನೂ ಎಣಿಸಿ ಖರ್ಚು ಮಾಡುತ್ತಿದ್ದರು. ಆ ಜಿಪುಣತನ ಈಗಲೂ ಒಳ್ಳೆಯದೇ, ಏನಂತೀರಿ?

ಅಂದ ಹಾಗೆ, ನಿಮ್ಮೂರಿಗೆ ಬಂದ ಮೊದಲ ಸಂಪರ್ಕ ಎಷ್ಟು ವೇಗದ್ದು, ಯಾವ ವರ್ಷ, ಯಾರ ಮನೆಗೆ? ನೆನಪಿದ್ದವರು ಬರೆದಿಡಿ. ಎಕ್ಸ್‌ಚೇಂಜುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ತಾಮ್ರದ ತಂತಿಯನ್ನು ಸುತ್ತಿ ತೂಕಕ್ಕೆ ಹಾಕುತ್ತಿದ್ದಾರೆ. ಊರಿನ ಈ ಇತಿಹಾಸ ಗೆಜೆಟಿಯರಿನಲ್ಲಿ ಸಿಗುವುದಿಲ್ಲ.